ಹಳೇ ಸಿಡಿ ಪ್ಲೇಯರ್ ಕೊಳ್ಳುವವರ ಗಮನಕ್ಕೆ

ಗೆಳೆಯರೇ, ಪ್ಲೇಯರ್ ನೋಡಲು ಹೋಗುವಾಗ 70 ನಿಮಿಷ ದಾಟಿದ ನಿಮ್ಮದೇ ಒಂದು ಸಿಡಿ ಕೈಲಿರಲಿ. ಲೇಸರ್ ಸಿಡಿಯನ್ನು ಒಳಗಿನಿಂದ ಹೊರಕ್ಕೆ ಓದುತ್ತಾ ಹೋಗುತ್ತದೆ. ಹಾಗಾಗಿ ಮೊದಲ ಹಾಡು ಚೆನ್ನಾಗಿ ಬಂತು ಅಂತ ದುಡ್ಡು ಕೊಡಬೇಡಿ, ಕೊನೇ ಹಾಡನ್ನೂ ಪೂರ್ತಿ ಕೇಳಿ. ಅಲ್ಲಿ ತಡವರಿಸಿದರೆ ಲೆನ್ಸ್ ಕೊಳೆಯಾಗಿರಬಹುದು, ಲೇಸರ್ ಸವೆದಿರಲೂಬಹುದು. ಆ ಮಾಡೆಲ್‌ಗೆ ಬದಲಿ ಲೇಸರ್ ಈಗಲೂ ಸಿಗುತ್ತದಾ ಅಂತ ಮೊದಲೇ ವಿಚಾರಿಸಿ. ಸಿಗದಿದ್ದರೆ ಎಷ್ಟೇ ದೊಡ್ಡ ಹೆಸರಿದ್ದರೂ ಬಿಟ್ಟುಬಿಡಿ.

ಟ್ರೇ ಸಿಕ್ಕಿಕೊಂಡರೆ ಗಾಬರಿ ಬೇಡ. ಜಾಸ್ತಿ ಸಲ ರಬ್ಬರ್ ಬೆಲ್ಟ್ ಸಡಿಲವಾಗಿರುತ್ತದೆ ಅಷ್ಟೇ, ಕಡಿಮೆ ಖರ್ಚಿನ ಕೆಲಸ.

ಹಿಂಬದಿಯ ವೋಲ್ಟೇಜ್ ತಪ್ಪದೆ ಓದಿ! ಜಪಾನಿನ ಮಾರುಕಟ್ಟೆಯದು 100 ವೋಲ್ಟ್‌ನದು. ನಮ್ಮ 230ಕ್ಕೆ ನೇರ ಹಾಕಿದರೆ ಸುಟ್ಟುಹೋಗುತ್ತದೆ. ಡಿಜಿಟಲ್ ಔಟ್ (ಡಿಜಿಟಲ್ ಸಿಗ್ನಲ್ ಹೊರಗೆ ಕೊಡುವ ಸಾಕೆಟ್) ಇದ್ದರೆ ಇನ್ನೂ ಒಳ್ಳೆಯದು, ಮುಂದೆ ಬೇರೆ ಡ್ಯಾಕ್ (ಆ ಡಿಜಿಟಲ್ ಸಿಗ್ನಲನ್ನು ಅನಲಾಗ್ ಆಡಿಯೋ ಸಿಗ್ನಲ್ ಆಗಿ ಬದಲಿಸುವ ಸಾಧನ) ಸೇರಿಸಬಹುದು.