ಬೀಚಿಂಗರಿಗೆ ನೀನು ಕೊಡದ ಬಹುವಚನ

ಪ್ರೀತಿಯ ತಮ್ಮನಿಗೆ,

‘ಬರೆಯುವುದನ್ನೇ ಬಿಟ್ಟುಬಿಡಲೇ?’ ಎಂಬ ನಿನ್ನ ಸಾಲು ಎರಡು ರಾತ್ರಿ ನಿದ್ದೆ ಕೆಡಿಸಿತು. ಬಿಡಬೇಡ. ಪ್ರಕಾಶಕರು, ಪುಟಸಂಖ್ಯೆ ಎಲ್ಲ ಆಮೇಲೆ ನೋಡೋಣ.

ಬ್ರಿಟನ್ನಿನಲ್ಲಿ ಮುಚ್ಚಿಹೋದ ರೈಲುಮಾರ್ಗಗಳ ಕುರಿತ ನಿನ್ನ ಹಸ್ತಪ್ರತಿ ಓದಿದೆ. ಕೊನೆಯ ರೈಲು ಹೋದ ಮೇಲೆ ಸ್ಟೇಷನ್ ಮಾಸ್ತರರು ದೀಪ ಆರಿಸಿ, ಎಂದಿನಂತೆ ಡೇಲಿಯಾ ಗಿಡಗಳಿಗೆ ನೀರು ಹಾಕುವ ಪುಟವನ್ನು ಓದಿ ಕಣ್ಣು ತುಂಬಿತು. ಆದರೆ ಅವರಿಗೆ ಬಹುವಚನ ಕೊಟ್ಟ ನೀನು, ಆ ಮಾರ್ಗಗಳನ್ನು ಮುಚ್ಚಿ ಎಂದು ವರದಿ ಕೊಟ್ಟ ಬ್ರಿಟಿಷ್ ರೈಲ್ವೆಯ ಮುಖ್ಯಸ್ಥ ರಿಚರ್ಡ್ ಬೀಚಿಂಗರನ್ನು ಉದ್ದಕ್ಕೂ ‘ಅವನು’ ಎಂದಿದ್ದೀಯ. ಕೊಡಲಿ ಹಿಡಿದು ಬಂದ, ಕಡಿದ, ಹೋದ. ಅಷ್ಟೇ ಏನು?

ಅವರ 24,000 ಪೌಂಡ್ ವಾರ್ಷಿಕ ಸಂಬಳವನ್ನು ದುರಾಸೆ ಎಂದೆ. ಅವರು ಹಿಂದೆ ಇದ್ದ ಐಸಿಐ ರಾಸಾಯನಿಕ ಕಂಪನಿ ಕೊಡುತ್ತಿದ್ದುದೂ ಅಷ್ಟೇ, ಅದನ್ನೇಕೆ ಬರೆಯಲಿಲ್ಲ? ಅವರ 1963ರ ವರದಿಯ ಪ್ರಕಾರ ಮೂರರಲ್ಲೊಂದು ಪಾಲು ಹಳಿಯ ಮೇಲೆ ನಡೆಯುತ್ತಿದ್ದುದು ಒಟ್ಟು ಪ್ರಯಾಣದ ನೂರರಲ್ಲೊಂದು ಪಾಲು. ಜಗಳವಾಡಬೇಕಾದರೆ ಅಲ್ಲಿ ಆಡು: ಎಣಿಕೆ ನಡೆದದ್ದು 1961ರ ಏಪ್ರಿಲ್‌ನ ಒಂದು ವಾರ. ಬೇಸಿಗೆಯಲ್ಲಿ ಕಡಲತೀರಕ್ಕೆ ತುಂಬಿ ಹೋಗುವ ರೈಲುಗಳು ಆ ಲೆಕ್ಕಕ್ಕೆ ಸಿಗುತ್ತವೆಯೇ? ನೀನು ಲೆಕ್ಕ ಬಿಟ್ಟು ಬೈದಿದ್ದೀಯ. 1969ರಲ್ಲಿ ಎಡಿನ್‌ಬರೋದಿಂದ ಕಾರ್ಲೈಲ್‌ಗೆ ಹೋಗುವ ಮಾರ್ಗ ಮುಚ್ಚಿದಾಗ ಅವರು ರೈಲ್ವೆ ಬಿಟ್ಟು ಮೂರೂವರೆ ವರ್ಷವಾಗಿತ್ತು. ಒಪ್ಪಿಗೆಯ ರುಜು ಮಂತ್ರಿಗಳದು.

ನನಗೇಕೆ ಇಷ್ಟು ಸಿಟ್ಟು ಗೊತ್ತೇ? ಮೂವತ್ತು ವರ್ಷದ ಹಿಂದೆ, ಮುಚ್ಚಿಹೋದ ಒಂದು ಗಿರಣಿಯ ಮ್ಯಾನೇಜರರ ಬಗ್ಗೆ ಬರೆದೆ. ಕೊನೆಯ ತಿಂಗಳುಗಳಲ್ಲಿ ಅವರು ತಮ್ಮ ಹೊಲ ಅಡವಿಟ್ಟು ಕೂಲಿ ಕೊಟ್ಟಿದ್ದರು. ಅದು ನನಗೆ ತಿಳಿದಿತ್ತು. ಬರೆದರೆ ಕಥೆಯ ಕಾವು ಆರುತ್ತದೆಂದು ಬಿಟ್ಟೆ. ಜನ ಮೆಚ್ಚಿದರು. ಒಂದು ಸಂಜೆ ಅವರು ರಟ್ಟು ಕಿತ್ತ ಲೆಕ್ಕದ ಪುಸ್ತಕ ತಂದು ನನ್ನ ಮೇಜಿನ ಮೇಲಿಟ್ಟು, ಒಂದು ಮಾತೂ ಆಡದೆ ಕುಳಿತರು. ಕಾಫಿ ಆರಿತು. ತಿದ್ದಿ ಬರೆಯುವಷ್ಟರಲ್ಲಿ ಅವರೇ ಇರಲಿಲ್ಲ.

ರೈಲ್ವೆ ಬಿಟ್ಟ ಮೇಲೆ ಬೀಚಿಂಗರು ನ್ಯಾಯಾಲಯಗಳ ರಾಜ ಆಯೋಗದ ಅಧ್ಯಕ್ಷರಾದರು. ನ್ಯಾಯಾಧೀಶರು ಊರೂರು ತಿರುಗಿ ವಿಚಾರಣೆ ನಡೆಸುವ, ಹನ್ನೆರಡನೆಯ ಶತಮಾನದಿಂದ ನಡೆದುಬಂದ ಅಸೈಜ್ ಪದ್ಧತಿಯನ್ನು ತೆಗೆಯಿರಿ ಎಂದರು. 1971ರ ಕಾನೂನು ಅದನ್ನು ತೆಗೆದು ಕ್ರೌನ್ ಕೋರ್ಟ್ ಎಂಬ ಹೊಸ ನ್ಯಾಯಾಲಯ ತಂದಿತು. ಸಣ್ಣ ಊರುಗಳಿಂದ ಕೆಲಸವನ್ನು ಎತ್ತಿ ಜನ ಸೇರುವ ಕಡೆಗೆ ಒಯ್ಯುವ ಅದೇ ಕಣ್ಣು. ಒಂದಕ್ಕೆ ಇಂದಿಗೂ ಶಾಪ, ಇನ್ನೊಂದು ಯಾರ ನೆನಪಿನಲ್ಲೂ ಇಲ್ಲ. ನಿನ್ನ ಹಸ್ತಪ್ರತಿಯಲ್ಲೂ ಇಲ್ಲ!

ಆ ಅಧ್ಯಾಯ ಬರೆದು ದೀಪಾವಳಿಯೊಳಗೆ ಕಳುಹಿಸು. ಡೇಲಿಯಾ ಪುಟವನ್ನು ಮಾತ್ರ ಮುಟ್ಟಬೇಡ.

ಇಂತಿ ನಿನ್ನ,
ಅಣ್ಣ