ವೈದ್ಯ ವಿದ್ಯಾರ್ಥಿಗಳ ಹಾಜರಾತಿ: ಲೆಕ್ಕ ಪೋಸ್ಟಿಂಗ್ ಮುಗಿಯುವ ಮೊದಲೇ ಆಗಲಿ

ಮಾನ್ಯ ಸಂಪಾದಕರೇ,

ಎಂಬಿಬಿಎಸ್ ಪರೀಕ್ಷೆಯ ಹಾಲ್ ಟಿಕೆಟ್ ಹೊತ್ತಿಗೆ ‘ಹಾಜರಾತಿ ಕೊರತೆ’ಯ ಪಟ್ಟಿ ನೋಟಿಸ್ ಬೋರ್ಡ್ ಏರುತ್ತದೆ. ಪಾಲಕರು ಊರಿಂದ ಓಡಿ ಬಂದು ಪ್ರಾಂಶುಪಾಲರ ಕೊಠಡಿ ಮುಂದೆ ಕಾಯುತ್ತಾರೆ, ಕೆಲವರು ವಕೀಲರನ್ನೂ ಕಾಣುತ್ತಾರೆ. ‘ಮಕ್ಕಳ ಭವಿಷ್ಯ, ಈ ಸಲ ಬಿಟ್ಟುಬಿಡಿ’ ಎನ್ನುವವರು ಒಂದು ಕಡೆ, ‘ನಿಯಮ ಅಂದ್ರೆ ನಿಯಮ’ ಎನ್ನುವವರು ಇನ್ನೊಂದು ಕಡೆ. ನಿಯಮ ಸಡಿಲಿಸಿ ಎಂದು ಅಧ್ಯಾಪಕರಾದ ನಾವು ಕೇಳುತ್ತಿಲ್ಲ. ಲೆಕ್ಕ ಹಾಕುವ ಸಮಯ ತಪ್ಪಾಗಿದೆ, ತಪ್ಪಿದ ದಿನವನ್ನು ಕಲಿತು ತುಂಬಿಕೊಳ್ಳಲು ದಾರಿಯೇ ಇಲ್ಲ ಎಂಬುದು ನಮ್ಮ ತಕರಾರು.

ರಾಷ್ಟ್ರೀಯ ವೈದ್ಯಕೀಯ ಆಯೋಗದ ನಿಯಮದಂತೆ ವಿಶ್ವವಿದ್ಯಾಲಯದ ಪರೀಕ್ಷೆಗೆ ಕೂರಬೇಕಾದರೆ ಥಿಯರಿಯಲ್ಲಿ ಶೇ 75, ಪ್ರಾಕ್ಟಿಕಲ್ ಮತ್ತು ವಾರ್ಡಿನಲ್ಲಿ ರೋಗಿಗಳ ಬಳಿ ಕಲಿಯುವ ಕ್ಲಿನಿಕಲ್‌ನಲ್ಲಿ ಶೇ 80 ಹಾಜರಾತಿ ಬೇಕು. ಎರಡೂ ಬೇರೆ ಬೇರೆ. ಥಿಯರಿಯಲ್ಲಿ 95 ಇದೆ ಎಂದು ವಾರ್ಡಿನ 78ಕ್ಕೆ ಅದರಿಂದ ಸಾಲ ಕೊಡಲು ಬರುವುದಿಲ್ಲ. ಒಂದಕ್ಕಿಂತ ಹೆಚ್ಚು ಹಂತಗಳಲ್ಲಿ ಕಲಿಸುವ ಮೆಡಿಸಿನ್, ಸರ್ಜರಿ, ಸಮುದಾಯ ವೈದ್ಯಶಾಸ್ತ್ರದಂತಹ ವಿಷಯಗಳಿಗೆ ಪ್ರತಿ ಹಂತದಲ್ಲೂ ಇದೇ ಅಳತೆ. ಜನರಲ್ ಸರ್ಜರಿಯಂತೆ ಉಪವಿಭಾಗಗಳನ್ನು ಸೇರಿಸಿ ಒಂದೇ ಪರೀಕ್ಷೆ ನಡೆಸುವ ಕಡೆ, ಒಂದೊಂದು ವಿಭಾಗದ ವಾರ್ಡಿನಲ್ಲಿ ಕೆಲವು ವಾರ ಕಲಿಯುವ ಪ್ರತಿ ಕ್ಲಿನಿಕಲ್ ಪೋಸ್ಟಿಂಗ್‌ನಲ್ಲೂ ಶೇ 80 ಇರಬೇಕು. ಪಾಲಕರಿಗೆ ಗೊತ್ತಿರದ, ಎಷ್ಟೋ ವಿದ್ಯಾರ್ಥಿಗಳು ತಡವಾಗಿ ಓದುವ ಸಾಲು ಇದು.

ಲೆಕ್ಕ ಹಾಕಿ ನೋಡಿ. ವಾರಕ್ಕೆ ಐದು ದಿನದಂತೆ ನಾಲ್ಕು ವಾರದ ಪೋಸ್ಟಿಂಗ್ ಎಂದರೆ 20 ದಿನ. ನಾಲ್ಕು ದಿನ ತಪ್ಪಿದರೂ ನಡೆಯುತ್ತದೆ. ಎರಡು ವಾರದ್ದಾದರೆ 10 ದಿನ, ತಪ್ಪಬಹುದಾದದ್ದು ಎರಡೇ. ಅದೇ ಎರಡು ವಾರದಲ್ಲಿ ಒಂದು ಸರ್ಕಾರಿ ರಜೆ ಬಂತೆನ್ನಿ. ಉಳಿದ 9 ದಿನಕ್ಕೆ ಶೇ 80 ಅಂದರೆ 7.2. ಏಳು ದಿನ ಬಂದರೆ ಶೇ 77.8 ಆಗುತ್ತದೆ, ಸಾಲದು. ಎಂಟು ದಿನ ಬರಲೇಬೇಕು. ಅಲ್ಲಿಗೆ ಕೈಯಲ್ಲಿ ಉಳಿದದ್ದು ಒಂದೇ ದಿನ. ದಸರಾ, ದೀಪಾವಳಿ ಆಸುಪಾಸಿನಲ್ಲಿ ಸಣ್ಣ ಪೋಸ್ಟಿಂಗ್ ಸಿಕ್ಕ ಬ್ಯಾಚಿಗೆ ಮೂರು ದಿನದ ವೈರಲ್ ಜ್ವರ ಬಂದರೂ ಮುಗಿಯಿತು. ವರ್ಷವಿಡೀ ನೆಟ್ಟಗೆ ಬಂದ ಹುಡುಗಿಯೂ ಆ ಪಟ್ಟಿಗೆ ಸೇರಬಹುದು. ‘ವರ್ಷದ ಸರಾಸರಿ ಚೆನ್ನಾಗಿದೆಯಲ್ಲ’ ಎಂದು ನೆಮ್ಮದಿಯಾಗಿದ್ದವರಿಗೆ ಹೊಡೆತ ಬೀಳುವುದು ಹೀಗೆ.

ಇದರ ಜೊತೆ ಕಚೇರಿಯ ಗೊಂದಲ. ಮೂರು ಗಂಟೆಯ ವಾರ್ಡ್ ಕ್ಲಾಸನ್ನು ಒಂದು ವಿಭಾಗ ಒಂದು ಹಾಜರಿ ಎನ್ನುತ್ತದೆ, ಮತ್ತೊಂದು ಮೂರು ಗಂಟೆ ಎನ್ನುತ್ತದೆ. ಅಧ್ಯಾಪಕರು ಬಾರದೆ ರದ್ದಾದ ಕ್ಲಾಸು ಒಟ್ಟು ಲೆಕ್ಕದಲ್ಲಿ ಉಳಿದೇ ಹೋಗುತ್ತದೆ. ಛೇದದಲ್ಲೇ ತಪ್ಪಿದ್ದರೆ ಶೇಕಡಾವಾರಿಗೆ ಬೆಲೆ ಎಲ್ಲಿ? ತಿಂಗಳೊಪ್ಪತ್ತಿನಲ್ಲಿ ಕೇಳಿದ್ದರೆ ರಿಜಿಸ್ಟರ್ ನೋಡಿ ಸರಿಪಡಿಸಬಹುದಿತ್ತು. ಹತ್ತು ತಿಂಗಳ ಮೇಲೆ ಯಾರ ನೆನಪೂ ನೆರವಿಗೆ ಬರುವುದಿಲ್ಲ.

ಹಾಗಾದರೆ ವಾರ್ಡಿನ ಹಾಜರಿಗೆ ಇಷ್ಟು ಬಿಗಿ ಏಕೆ? ತೊಡೆಸಂದಿನ ಹರ್ನಿಯಾ ಇರುವ ರೋಗಿ ಸೋಮವಾರ ದಾಖಲಾಗುತ್ತಾರೆ, ಬುಧವಾರ ಆಪರೇಷನ್. ಅವರನ್ನು ನಿಲ್ಲಿಸಿ ಕೆಮ್ಮಿಸಿದಾಗ ಬೆರಳಿಗೆ ತಾಗುವ ಒತ್ತಡವನ್ನು ಗುರುತಿಸಬೇಕು. ಮಲಗಿಸಿ ಉಬ್ಬನ್ನು ಒಳಗೆ ಸರಿಸಿ, ಇಂಗ್ವಿನಲ್ ಲಿಗಮೆಂಟಿನ (ತೊಡೆಸಂದಿನ ನಾರುಪಟ್ಟಿಯ) ನಡುಬಿಂದುವಿಗಿಂತ ಅರ್ಧ ಇಂಚು ಮೇಲೆ ಹೆಬ್ಬೆರಳೊತ್ತಿ ಮತ್ತೆ ಕೆಮ್ಮಿಸಬೇಕು. ಉಬ್ಬು ಹೊರಬಾರದಿದ್ದರೆ ಇನ್‌ಡೈರೆಕ್ಟ್, ಪಕ್ಕದಿಂದ ಬಂದರೆ ಡೈರೆಕ್ಟ್ ಎಂಬ ಬಗೆಯ ಹರ್ನಿಯಾ. ಹೆಬ್ಬೆರಳು ಒಂದು ಸೆಂಟಿಮೀಟರ್ ಆಚೀಚೆಯಾದರೂ ಉತ್ತರ ತಪ್ಪಬಹುದು. ಆ ಜಾಗವನ್ನು ಅಧ್ಯಾಪಕರು ಕೈಹಿಡಿದೇ ತೋರಿಸಬೇಕು. ಗುರುವಾರ ಬಂದವನಿಗೆ ಕಾಣುವುದು ಹೊಲಿಗೆ ಮಾತ್ರ. ಎದೆಯಲ್ಲಿ ನೀರು ತುಂಬಿದ ರೋಗಿಯ ವಿಷಯವೂ ಇಷ್ಟೇ: ನೀರು ತೆಗೆಯುವ ಮುನ್ನ ಬೆನ್ನು ತಟ್ಟಿದಾಗ ಕೇಳುವ ಆ ಮಂದ ಸದ್ದು ಆಮೇಲೆ ಸಿಗದು. ಕ್ಲಾಸು ತಪ್ಪಿದರೆ ಪುಸ್ತಕ, ವಿಡಿಯೊ ಇವೆ. ವಾರ್ಡಿಗೆ ಅಂಥ ಬದಲಿ ಇಲ್ಲ. ಹೊರರಾಜ್ಯಗಳಿಂದ ಬಂದ ವಿದ್ಯಾರ್ಥಿಗಳು ‘ದಮ್ಮು’, ‘ಹೊಟ್ಟೆ ಉಬ್ಬರ’, ‘ಕಣ್ಣು ಕತ್ತಲೆ ಬಂತು’ ಎಂಬ ಮಾತುಗಳನ್ನು ಕಲಿಯುವುದೂ ರೋಗಿಯ ಹಾಸಿಗೆ ಪಕ್ಕದಲ್ಲೇ.

ಈಗ ಕಾಯಿಲೆಯ ಮಾತು. ಮೆಡಿಕಲ್ ಸರ್ಟಿಫಿಕೇಟ್ ತಂದುಕೊಟ್ಟರೆ ಹಾಜರಿ ಬಿತ್ತು ಎಂದುಕೊಂಡವರು ಬಹಳ. ಅದು ಗೈರಿಗೆ ಕಾರಣ ಹೇಳುತ್ತದೆ, ಗೈರನ್ನು ಹಾಜರಿ ಮಾಡುವುದಿಲ್ಲ. ನಿಯಮ ಬಿಟ್ಟುಕೊಟ್ಟ ಶೇ 20 ಅಥವಾ 25ರೊಳಗೇ ಜ್ವರ, ಮನೆಯ ಸಾವು, ಅಕ್ಕನ ಮದುವೆ, ಬಸ್ಸು ತಪ್ಪಿದ ಬೆಳಿಗ್ಗೆ ಎಲ್ಲವೂ ಹಿಡಿಸಬೇಕು. ಮೊದಲ ತಿಂಗಳೇ ಫೆಸ್ಟು, ಊರಿನ ಜಾತ್ರೆ ಎಂದು ಅದನ್ನು ಖರ್ಚು ಮಾಡಿದವರಿಗೆ ಡೆಂಗಿ ಬಂದಾಗ ಏನೂ ಉಳಿದಿರುವುದಿಲ್ಲ.

ಆಮೇಲೆ ಆಗುವುದು ನಮಗೆ ನಿಜವಾಗಿ ಭಯ ಹುಟ್ಟಿಸುತ್ತದೆ. ಹಾಜರಿಗಾಗಿ ವಿದ್ಯಾರ್ಥಿ ಕಾಯಿಲೆ ಇಟ್ಟುಕೊಂಡೇ ವಾರ್ಡಿಗೆ ಬರುತ್ತಾನೆ. ಚಿಕನ್‌ಪಾಕ್ಸ್ ಗುಳ್ಳೆ ಏಳುವ ಒಂದೆರಡು ದಿನ ಮೊದಲಿನಿಂದ ಗುಳ್ಳೆಗಳೆಲ್ಲ ಒಣಗಿ ಹಕ್ಕಳೆ ಕಟ್ಟುವವರೆಗೆ ಹರಡುತ್ತದೆ. ಅಂಥವರು ಹೆರಿಗೆ ವಾರ್ಡಿನಲ್ಲಿ, ನವಜಾತ ಶಿಶುಗಳ ಘಟಕದಲ್ಲಿ, ಕೀಮೋಥೆರಪಿ ಪಡೆಯುವವರ ಪಕ್ಕದಲ್ಲಿ ನಿಂತರೆ ಗತಿಯೇನು? ವಾಂತಿ–ಭೇದಿ ನಿಂತ ಮೇಲೂ 48 ಗಂಟೆ ರೋಗಿಗಳಿಂದ ದೂರ ಇರಬೇಕು. ಮದ್ರಾಸ್ ಐ ಬಂದವರು ಕಣ್ಣಿನ ವಿಭಾಗದ ಹತ್ತಿರವೂ ಸುಳಿಯಬಾರದು. ಸೋಂಕು ತಡೆಯ ಪಾಠ ಹೇಳುವ ನಾವೇ ಹಾಜರಾತಿಯ ಹೆಸರಲ್ಲಿ ಸೋಂಕನ್ನು ಒಳಕ್ಕೆ ಕರೆಯುತ್ತಿದ್ದೇವೆ.

ಪ್ರಾಕ್ಸಿ (ಒಬ್ಬರ ಹಾಜರಿಯನ್ನು ಇನ್ನೊಬ್ಬರು ಹಾಕುವುದು) ತಡೆಯಲು ಯಂತ್ರ ಇಟ್ಟರೆ ಸಾಕು ಎಂಬ ನಂಬಿಕೆಯೂ ಇದೆ. ಬೆರಳೊತ್ತಿಸುವ, ಮುಖ ಗುರುತಿಸುವ ಯಂತ್ರಗಳು ಬಾಗಿಲಲ್ಲಿ ಯಾರು ನಿಂತಿದ್ದರು ಎಂದು ಹೇಳುತ್ತವೆ. ಅಲ್ಲಿಂದ ಆತ ವಾರ್ಡಿಗೆ ಹೋದನೋ, ಪಿಜಿ ನೀಟ್ (ಸ್ನಾತಕೋತ್ತರ ಪ್ರವೇಶ ಪರೀಕ್ಷೆ) ಆನ್‌ಲೈನ್ ಕೋಚಿಂಗ್ ಕೇಳಲು ಲೈಬ್ರರಿಗೆ ಹೋದನೋ ಅವಕ್ಕೆ ಗೊತ್ತಿಲ್ಲ. ಕೇಸ್ ಪ್ರೆಸೆಂಟೇಷನ್ ಮುಗಿದ ಮೇಲೆ ರೋಗಿಯ ಬಳಿಯೇ ಹೆಸರು ಕರೆದು, ಆ ದಿನ ಯಾರನ್ನು ಪರೀಕ್ಷಿಸಿದರು ಎಂದು ಲಾಗ್‌ಬುಕ್ಕಿನಲ್ಲಿ ಒಂದು ಸಾಲು ಬರೆಸಿ ಸಹಿ ಮಾಡಿದರೆ ಹತ್ತು ನಿಮಿಷದ ಕೆಲಸ. ತಿಂಗಳ ಕೊನೆಗೆ ಮೂವತ್ತು ಸಹಿ ಒಟ್ಟಿಗೆ ಹಾಕುವ ಚಾಳಿಯನ್ನು ಅಧ್ಯಾಪಕರಾದ ನಾವೂ ಬಿಡಬೇಕು.

ನಮ್ಮ ಬೇಡಿಕೆ ಹೀಗಿದೆ. ಪ್ರತಿ ಪೋಸ್ಟಿಂಗಿನ ಮೊದಲ ದಿನವೇ ಒಟ್ಟು ಕೆಲಸದ ದಿನ ಎಷ್ಟು, ಬರಬೇಕಾದದ್ದು ಎಷ್ಟು ಎಂದು ಶೇಕಡಾವಾರು ಬಿಟ್ಟು ದಿನಗಳಲ್ಲೇ ಬರೆದು ಹಾಕಿ. ಶನಿವಾರ ಸಂಜೆ ಆ ವಾರದ ಹಾಜರಿ ಪ್ರಕಟವಾಗಲಿ, ತಕರಾರಿದ್ದರೆ ಮೂರು ದಿನದೊಳಗೆ ಹೇಳಲಿ. ಕಾಯಿಲೆ, ಹತ್ತಿರದವರ ಸಾವು, ವಿಶ್ವವಿದ್ಯಾಲಯದ ತಂಡದಲ್ಲಿ ಆಟ, ಈ ಕಾರಣಗಳಿಗೆ ಮಾತ್ರ ತಪ್ಪಿದ ದಿನವನ್ನು ತುಂಬಿಕೊಳ್ಳಲು ಬಿಡಿ. ಅದೇ ಯೂನಿಟ್ಟಿಗೆ (ವೈದ್ಯರ ತಂಡಕ್ಕೆ) ಹೊಸ ರೋಗಿಗಳು ದಾಖಲಾಗುವ ದಿನದ ಸಂಜೆ, ಕ್ಯಾಶುವಾಲ್ಟಿಯ ಪಾಳಿ, ಹೆರಿಗೆ ಕೋಣೆಯ ರಾತ್ರಿ, ಇವೆಲ್ಲ ಕಲಿಯಲು ಒಳ್ಳೆಯ ಹೊತ್ತುಗಳೇ. ಒಂದು ಬೆಳಿಗ್ಗೆಗೆ ಒಂದು ಪಾಳಿ. ಒಂದೇ ರಾತ್ರಿ ನಿಂತು ಮೂರು ದಿನ ಬರೆಸಿಕೊಳ್ಳುವುದು ಕೂಡದು. ಕನಿಷ್ಠ ಒಬ್ಬ ಹೊಸ ರೋಗಿಯ ಹಿಸ್ಟರಿ (ಕಾಯಿಲೆಯ ವಿವರ) ಬರೆದು ಯೂನಿಟ್ ಮುಖ್ಯಸ್ಥರಿಗೆ ಒಪ್ಪಿಸಿದರೆ ಮಾತ್ರ ಸಹಿ. ಪೋಸ್ಟಿಂಗ್ ಮುಗಿದ 30 ದಿನದೊಳಗೆ ಇದು ಮುಗಿಯಬೇಕು. ವರ್ಷದ ಕೊನೆಗೆ ತಳ್ಳಿದರೆ ಮುಂದಿನ ಬ್ಯಾಚಿನವರು ಆ ಹಾಸಿಗೆಗಳ ಸುತ್ತ ನಿಂತಿರುತ್ತಾರೆ, ಜಾಗವೂ ಇರುವುದಿಲ್ಲ, ಕಲಿಸುವವರಿಗೆ ಬಿಡುವೂ ಇರುವುದಿಲ್ಲ. ಹರಡುವ ಕಾಯಿಲೆ ಬಂದವರನ್ನು ಅಧ್ಯಾಪಕರೇ ವಾರ್ಡಿನಿಂದ ಮನೆಗೆ ಕಳಿಸಬೇಕು. ಹಾಗೆ ಕಳಿಸಿದ ದಿನಗಳು ತಾವಾಗಿಯೇ ಹೀಗೆ ತುಂಬಿಕೊಳ್ಳಬಹುದಾದ ದಿನಗಳ ಪಟ್ಟಿಗೆ ಸೇರಬೇಕು.

ಇಂಟರ್ನ್‌ಗಳ, ಅಂದರೆ ಕೊನೆಯ ಪರೀಕ್ಷೆ ಮುಗಿಸಿ ಆಸ್ಪತ್ರೆಯಲ್ಲಿ ಕಡ್ಡಾಯ ತರಬೇತಿ ಪಡೆಯುವವರ, ಬಗ್ಗೆ ಒಂದು ಮಾತು. ಹನ್ನೆರಡು ತಿಂಗಳಲ್ಲಿ ಅವರಿಗಿರುವುದು, ಮುಂಚೆ ಅನುಮತಿ ಪಡೆದ 15 ದಿನದ ರಜೆ. ಅದಕ್ಕಿಂತ ಹೆಚ್ಚಾದರೆ ಇಂಟರ್ನ್‌ಶಿಪ್ ಮುಂದಕ್ಕೆ ಹೋಗುತ್ತದೆ. ಪಿಜಿ ಪ್ರವೇಶಕ್ಕೆ ಇಂತಿಷ್ಟನೇ ತಾರೀಕಿನೊಳಗೆ ಇಂಟರ್ನ್‌ಶಿಪ್ ಮುಗಿದಿರಬೇಕು ಎಂಬ ಗಡುವು ಇರುವುದರಿಂದ ಹತ್ತು ದಿನದ ವಿಸ್ತರಣೆ ಇಡೀ ವರ್ಷ ನುಂಗಬಹುದು. ಪರೀಕ್ಷೆಯ ಓದಿಗೆಂದು ಡ್ಯೂಟಿಯಿಂದ ಮಾಯವಾದವರ ಕೆಲಸ ಜೊತೆಗಾರರ ಮೇಲೆ ಬೀಳುತ್ತದೆ. ರಾತ್ರಿ ಎರಡು ಗಂಟೆಗೆ ಹನ್ನೆರಡು ಜನರ ರಕ್ತದ ಸ್ಯಾಂಪಲ್ ಒಬ್ಬರೇ ತೆಗೆಯುವಾಗ ಟ್ಯೂಬಿನ ಮೇಲಿನ ಹೆಸರು ಸುಲಭವಾಗಿ ಅದಲುಬದಲಾಗಬಹುದು. ಇಂಥ ಗೈರನ್ನು ಕಂಡೂ ಕಾಣದಂತೆ ಸಹಿ ಹಾಕುವುದು ಉಪಕಾರವಲ್ಲ.

ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಮುಂದಿನ ಬ್ಯಾಚಿನ ತರಗತಿಗಳು ಶುರುವಾಗುವ ಮುನ್ನ ಎಲ್ಲ ಕಾಲೇಜುಗಳಿಗೂ ಒಂದೇ ಸುತ್ತೋಲೆ ಕಳಿಸಲಿ. ಮೂರು ಗಂಟೆಯ ವಾರ್ಡ್ ಕ್ಲಾಸು ಎಷ್ಟು ಹಾಜರಿ, ರದ್ದಾದ ಕ್ಲಾಸು ಲೆಕ್ಕಕ್ಕೆ ಸೇರುತ್ತದೋ ಇಲ್ಲವೋ, ತುಂಬಿಕೊಂಡ ಪಾಳಿಗೆ ಯಾರ ಸಹಿ ಬೇಕು, ಈ ಮೂರು ಪ್ರಶ್ನೆಗೆ ಅದರಲ್ಲಿ ಸ್ಪಷ್ಟ ಉತ್ತರವಿರಲಿ.

— ವೈದ್ಯಕೀಯ ಕಾಲೇಜು ಅಧ್ಯಾಪಕರು, ದಾವಣಗೆರೆ