ಹೆಸರುಗಳು ಓಡುವ ಆ ಎರಡು ನಿಮಿಷ

ಸಾಗರ
ಭಾನುವಾರ ರಾತ್ರಿ

ಪ್ರೀತಿಯ ಪುಟ್ಟನಿಗೆ ಮಾವನ ಆಶೀರ್ವಾದಗಳು.

ನಿನ್ನ ಕಾಗದ ಬುಧವಾರವೇ ಬಂತು. ಅವತ್ತಿನಿಂದ ಉತ್ತರ ಬರೆಯಬೇಕು ಅಂತ ಕೂರುವುದು, ಏಳುವುದು, ಇಷ್ಟೇ ಆಗಿದೆ. ಮಳೆ ಬಿಟ್ಟಿಲ್ಲ. ಕರೆಂಟ್ ಹೋಗಿ ಬರುತ್ತಿದೆ. ನಿನ್ನ ಅತ್ತೆ ಮಲಗಿದ್ದಾಳೆ, ಈಗ ಮನೆ ಸುಮ್ಮನಿದೆ.

ಕೆಲಸದ ವಿಷಯ, ಆಮೇಲೆ ಅಮ್ಮನ ಜೊತೆ ಆದ ಮಾತು, ಅದನ್ನೆಲ್ಲ ನಾನು ಮತ್ತೆ ಎತ್ತುವುದಿಲ್ಲ. ಎಲ್ಲರಿಗೂ ಗೊತ್ತಿರುವುದೇ. ಅದರ ಬಗ್ಗೆ ಹೇಳುವವರು ಈಗಾಗಲೇ ಜಾಸ್ತಿ ಹೇಳಿದ್ದಾರೆ.

ನನ್ನ ನಿದ್ದೆ ಕೆಡಿಸಿದ್ದು ಎರಡನೇ ಪುಟದ ಕೆಳಗಿನ ಮಾತು. ಈ ವರ್ಷ ಆಡಿ ಮುಗಿಸಿದ ವಿಡಿಯೊ ಆಟಗಳ ಬಗ್ಗೆ ಎಷ್ಟು ಚೆನ್ನಾಗಿ ಬರೆಯುತ್ತಾ ಬಂದಿದ್ದೀಯ. ಓದುತ್ತಾ ನನಗೂ ಉತ್ಸಾಹ ಬಂದಿತ್ತು. ಕೊನೆಗೆ ಬಂದು ಹೀಗೆ ಬರೆದಿದ್ದೀಯ: "ಆಟ ಮುಗಿದ ಮೇಲೆ ಅದನ್ನು ಮಾಡಿದವರ ಹೆಸರುಗಳು ಪರದೆ ಮೇಲೆ ಓಡುತ್ತವಲ್ಲ ಮಾವ, ಆ ಎರಡು ನಿಮಿಷ ನನಗೆ ಭಯ ಆಗುತ್ತೆ. ಬದುಕಲ್ಲಿ ನಾನು ಪೂರ್ತಿ ಮುಗಿಸಿದ್ದು ಇದೊಂದೇ ಅಂತ ಆಗ ಗೊತ್ತಾಗುತ್ತೆ. ಅದಕ್ಕೇ ತಕ್ಷಣ ಇನ್ನೊಂದು ಹಾಕಿಬಿಡ್ತೀನಿ."

ಅಲ್ಲಿಂದ ಮುಂದೆ ಏನು ಬರೆದಿದ್ದೀಯ ಅಂತ ಮೊದಲ ಸಲ ನಾನು ಓದಲೇ ಇಲ್ಲ.

ದೀಪಾವಳಿಗೆ ಬಂದಾಗ ನನ್ನ ಟ್ಯಾಬಿಗೆ ಒಂದು ಆಟ ಹಾಕಿಕೊಟ್ಟು ಹೋಗಿದ್ದೆಯಲ್ಲ, 'ಓಲ್ಡ್ ಮ್ಯಾನ್ಸ್ ಜರ್ನಿ', ಅದನ್ನು ಮೊನ್ನೆ ಗುರುವಾರ, ಶುಕ್ರವಾರ ಎರಡು ಸಂಜೆ ಕೂತು ಮುಗಿಸಿದೆ. ಅದರಲ್ಲಿ ಒಂದು ಮಾತೂ ಇಲ್ಲ. ಒಬ್ಬ ಮುದುಕ, ಅವನಿಗೆ ಒಂದು ಕಾಗದ ಬರುತ್ತದೆ, ಕೋಲು ಹಿಡಿದು ಹೊರಡುತ್ತಾನೆ. ನಾವು ಬೆರಳಿನಿಂದ ಗುಡ್ಡಗಳನ್ನು ಮೇಲೆ ಕೆಳಗೆ ಎಳೆದು ಅವನಿಗೆ ದಾರಿ ಮಾಡಿಕೊಡಬೇಕು. ದಾರಿಗೆ ಕುರಿಗಳು ಅಡ್ಡ ನಿಂತಿರುತ್ತವೆ. ದಣಿದು ಎಲ್ಲಾದರೂ ಕೂತರೆ ಹಳೆಯದೊಂದು ನೆನಪು ಚಿತ್ರದಂತೆ ತೆರೆದುಕೊಳ್ಳುತ್ತದೆ. ಹೆಂಡತಿ, ಸಣ್ಣ ಮಗಳು, ಅವರನ್ನು ಬಿಟ್ಟು ಸಮುದ್ರಕ್ಕೆ ಹೋದದ್ದು. ಅವನು ತಲುಪುವ ಹೊತ್ತಿಗೆ ಹೆಂಡತಿ ಕೊನೆಯ ಹಾಸಿಗೆಯಲ್ಲಿ ಇರುತ್ತಾಳೆ. ವಿಯೆನ್ನಾದ ಒಂದು ಸಣ್ಣ ತಂಡ 2017ರಲ್ಲಿ ಮಾಡಿದ ಆಟವಂತೆ. ಅಷ್ಟು ದೂರದವರಿಗೆ ನನ್ನ ಮನೆಯ ವಿಷಯ ಹೇಗೆ ಗೊತ್ತಾಯಿತು ಅನ್ನಿಸಿತು. ನಾನು ಸಮುದ್ರಕ್ಕೆ ಹೋದವನಲ್ಲ, ನಿಜ. ಬ್ಯಾಂಕಿಗೆ ಹೋದವನು. ಆದರೂ ಹಾಗನ್ನಿಸಿತು.

ಅದು ಮುಗಿದಾಗ ಹೆಸರುಗಳು ಓಡಿದವು. ನಾನು ಬೇಕಂತಲೇ ಕೈಯಲ್ಲಿ ಹಿಡಿದುಕೊಂಡೇ ಕೂತೆ. ನೀನು ಹೇಳಿದ್ದು ಏನು ಅಂತ ನೋಡಬೇಕಿತ್ತು. ನನಗೂ ಭಯ ಆಯಿತು ಪುಟ್ಟ. ಸುಳ್ಳು ಹೇಳುತ್ತಿಲ್ಲ. ಮನೆ ತುಂಬಾ ಮಳೆ ಸದ್ದು, ಕೈಯಲ್ಲಿ ಆ ಪರದೆ, ಇನ್ನು ಮಾಡಲು ಏನೂ ಇಲ್ಲ.

ಆ ಭಯದ ಪರಿಚಯ ನನಗೆ ಮೊದಲೇ ಇತ್ತು ಅಂತ ಆಗ ಗೊತ್ತಾಯಿತು. 2017ರಲ್ಲಿ ನಾನು ನಿವೃತ್ತನಾದ ದಿನ ಹಾರ ಹಾಕಿದರು, ಬೆಳ್ಳಿ ತಟ್ಟೆ ಕೊಟ್ಟರು, ನಾಲ್ಕು ಜನ ಒಳ್ಳೆಯ ಮಾತಾಡಿದರು. 36 ವರ್ಷದ ಕೆಲಸ ಒಂದು ದಿನವೂ ಅರ್ಧಕ್ಕೆ ಬಿಡದೆ ಮುಗಿಸಿದ್ದೆ. ಆಟೋದಲ್ಲಿ ಮನೆಗೆ ಬರುವಾಗ ಹಾರ ತೊಡೆಯ ಮೇಲಿತ್ತು. ಆಗಲೂ ಹೀಗೇ ಆಗಿತ್ತು. ಎದೆಯೊಳಗೆ ಒಂದು ಕೋಣೆಯ ಸಾಮಾನೆಲ್ಲ ಯಾರೋ ಎತ್ತಿಕೊಂಡು ಹೋದ ಹಾಗೆ. ಯಾರಿಗೂ ಹೇಳಲಿಲ್ಲ. ಮನೆಗೆ ಬಂದು ಕಾಫಿ ಕುಡಿದು, ಸಂಜೆಯೇ ಮನೆ ಕಂದಾಯದ ರಸೀದಿಗಳನ್ನು ಜೋಡಿಸಲು ಕೂತೆ. ನೀನು ಇನ್ನೊಂದು ಆಟ ಹಾಕುತ್ತೀಯಲ್ಲ, ಹಾಗೆಯೇ.

ಆದ್ದರಿಂದ ಆ ಎರಡು ನಿಮಿಷ ಬರುವುದು ನೀನು ಆಟವನ್ನಷ್ಟೇ ಮುಗಿಸಿದ್ದರಿಂದ ಅಂತ ಅಂದುಕೊಳ್ಳಬೇಡ. ಎಲ್ಲ ಮುಗಿಸಿದವನಿಗೂ ಅದು ಬಂದಿದೆ. ಇದರಿಂದ ನಿನಗೆ ಸಮಾಧಾನ ಆಗುತ್ತದೋ ಇಲ್ಲವೋ, ಗೊತ್ತಿಲ್ಲ. ನನಗೆ ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು.

ಇನ್ನೊಂದು ವಿಷಯ ಹೇಳಬೇಕು. ಇದನ್ನು ನಿನ್ನ ಅತ್ತೆಗೂ ಸರಿಯಾಗಿ ಹೇಳಿಲ್ಲ.

ನಾವು ಹಾಸನದಲ್ಲಿದ್ದಾಗ, 1996 ಇರಬೇಕು, ನಿನ್ನ ಭಾವ ಏಳನೇ ಕ್ಲಾಸು. ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಒಂದು ತಂದಿದ್ದೆ, ಅವನು ಕಲಿಯಲಿ ಅಂತ. ಅದರ ಜೊತೆ ಬಂದ ಫ್ಲಾಪಿಗಳಲ್ಲಿ 'ಪ್ರಿನ್ಸ್ ಆಫ್ ಪರ್ಷಿಯಾ' ಇತ್ತು. ರಾಜಕುಮಾರಿಯನ್ನು ಬಿಡಿಸಲು 60 ನಿಮಿಷ. ಅಷ್ಟರೊಳಗೆ ಹನ್ನೆರಡು ಹಂತ ದಾಟಬೇಕು. ಮೊದಮೊದಲು ನಾನೂ ಅವನೂ ಸೇರಿ ಆಡುತ್ತಿದ್ದೆವು. ಓಡುವುದು ಅವನು, ನೆಲದಿಂದ ಮುಳ್ಳು ಏಳುವ ಜಾಗ ಬಂದರೆ ಮೆಲ್ಲಗೆ ಹೆಜ್ಜೆ ಇಡಲು ಶಿಫ್ಟ್ ಕೀ ಒತ್ತುವುದು ನಾನು. ಆಮೇಲೆ ನನಗೆ ಬ್ಯಾಂಕಿನವರು ಬರೆಯುವ ಸಿಎಐಐಬಿ ಪರೀಕ್ಷೆ ಬಂತು. ಪಾಸಾದರೆ ಇನ್‌ಕ್ರಿಮೆಂಟು, ಮುಂದೆ ಪ್ರಮೋಷನ್ನಿಗೂ ದಾರಿ. ನಾನು ಪಕ್ಕದ ಕೋಣೆಯಲ್ಲಿ ಪುಸ್ತಕ ಹಿಡಿದು ಕೂತೆ. ಅವನು ಒಬ್ಬನೇ ಆಡಿದ.

ಒಂದು ರಾತ್ರಿ ಓಡಿ ಬಂದ. "ಅಪ್ಪಾ, ಮುಗೀತು! ಬೇಗ ಬನ್ನಿ!" ಅಂದ. ನಾನು ತಲೆ ಎತ್ತದೆ, "ನಾಳೆ ಗಣಿತದ ಟೆಸ್ಟ್ ಇದೆಯಲ್ಲ, ಅದು ಮುಗೀತಾ?" ಅಂದೆ. ಅವನು ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತಿದ್ದ. ಆಮೇಲೆ ಹೋಗಿ ಕಂಪ್ಯೂಟರ್ ಆಫ್ ಮಾಡಿದ ಸದ್ದು ಕೇಳಿಸಿತು.

ಪರೀಕ್ಷೆ ಪಾಸಾಯಿತು, ವರ್ಗವೂ ಆಯಿತು. ಲಾರಿಯಲ್ಲಿ ಜಾಗ ಇಲ್ಲ ಅಂತ ಆ ಕಂಪ್ಯೂಟರನ್ನು ಫ್ಲಾಪಿಗಳ ಸಮೇತ ಮಾರಿಬಿಟ್ಟೆ. ಅವನು ಕೇಳಲಿಲ್ಲ. ಅವತ್ತಿನಿಂದ ಏನು ಮುಗಿಸಿದರೂ ನನ್ನ ಹತ್ತಿರ ಓಡಿ ಬಂದು ಹೇಳಿದ್ದು ನೆನಪಿಲ್ಲ. ಡಿಗ್ರಿ ಮುಗಿಸಿದ್ದು ಅವರಮ್ಮನಿಂದ ಗೊತ್ತಾಯಿತು. ಈಗಲೂ ಭಾನುವಾರ ಫೋನ್ ಮಾಡುತ್ತಾನೆ. ಬಿಪಿ ಮಾತ್ರೆ ಇದೆಯಾ, ಮಳೆ ಹೇಗಿದೆ, ಇಷ್ಟು ಕೇಳುತ್ತಾನೆ. ಒಳ್ಳೆಯ ಮಗನೇ.

ಆ ಆಟವನ್ನು ನಾನು ಹೋದ ತಿಂಗಳು ಮುಗಿಸಿದೆ. ಅದನ್ನೂ ನೀನೇ ಅಲ್ವಾ ಲ್ಯಾಪ್‌ಟಾಪಿಗೆ ಹಾಕಿಕೊಟ್ಟದ್ದು. ನಿನಗೆ ಫೋನಿನಲ್ಲಿ ಹೇಳಲಿಲ್ಲ. ಹೇಳಲು ಆಗಲಿಲ್ಲ.

ನಾಲ್ಕನೇ ಹಂತದಲ್ಲಿ ಒಂದು ಕನ್ನಡಿ ಅಡ್ಡ ಬರುತ್ತದೆ. ಬೇರೆ ದಾರಿ ಇಲ್ಲ, ಓಡಿ ಬಂದು ಅದರೊಳಗೇ ಹಾರಬೇಕು. ಹಾರಿದಾಗ ನಮ್ಮ ನೆರಳೇ ಆ ಕಡೆಯಿಂದ ಹೊರಗೆ ಹಾರಿ ಓಡಿಹೋಗುತ್ತದೆ. ಮುಂದೆ ನಾವು ಕುಡಿಯಬೇಕಾದ ಔಷಧಿಯನ್ನು ಅದು ಕುಡಿಯುತ್ತದೆ. ಇನ್ನೊಂದು ಕಡೆ ಬಾಗಿಲು ಮುಚ್ಚಿ ನಮ್ಮನ್ನು ಕೆಳಗೆ ಬೀಳಿಸುತ್ತದೆ. ಕೊನೆಗೆ ಗೋಪುರದ ಮೇಲೆ ಕತ್ತಿ ಹಿರಿದು ಎದುರು ನಿಲ್ಲುತ್ತದೆ. ನಾನು ಹೊಡೆದೆ. ಅದಕ್ಕೆ ಬಿದ್ದ ಏಟು ನನಗೂ ಬಿತ್ತು. ಎಷ್ಟು ಸಲ ಸತ್ತೆನೋ ಲೆಕ್ಕ ಇಟ್ಟಿಲ್ಲ. ಒಂದು ಸಲ ಬೆರಳು ತಪ್ಪಿ ಕೆಳಗಿನ ಬಾಣದ ಕೀ ಒತ್ತಿತು. ಕತ್ತಿ ಒರೆಗೆ ಹೋಯಿತು. ನೆರಳೂ ತನ್ನ ಕತ್ತಿ ಇಳಿಸಿತು. ಹತ್ತಿರ ಹೋದೆ. ಇಬ್ಬರೂ ಒಂದಾದೆವು. ಅಲ್ಲಿಂದ ಮುಂದೆ ನೆಲವೇ ಇಲ್ಲ, ಆದರೆ ಓಡಿದರೆ ಕಾಲಿನ ಕೆಳಗೆ ಕಲ್ಲುಗಳು ಬಂದು ಕೂರುತ್ತವೆ.

ನೀನು 2,846 ಸಲ ಸತ್ತು ಮುಗಿಸಿದೆ ಅಂತ ಬರೆದಿದ್ದೀಯಲ್ಲ, 'ಸೆಲೆಸ್ಟ್', ಆ ಹುಡುಗಿ ಬೆಟ್ಟ ಹತ್ತುವ ಆಟ, ಅದರಲ್ಲೂ ಹೀಗೇ ಇದೆ ಅಂತ ನಿನ್ನ ಕಾಗದದಿಂದಲೇ ಗೊತ್ತಾಯಿತು. ಅವಳೊಳಗಿಂದಲೇ ಎದ್ದು ಬಂದ ಇನ್ನೊಬ್ಬಳು ಅವಳನ್ನು ಅಟ್ಟಿಸಿಕೊಂಡು ಬರುತ್ತಾಳೆ. ಕೊನೆಗೆ ಇಬ್ಬರೂ ಜೊತೆಯಾಗಿ ಹತ್ತುತ್ತಾರೆ. ಒಂದು 1989ರದ್ದು, ಇನ್ನೊಂದು 2018ರದ್ದು. ಎರಡರಲ್ಲೂ ಅದೇ ವಿಷಯ ಇರುವುದು ನನ್ನನ್ನು ಬಹಳ ಕಾಡಿತು. "ಏನೂ ಮುಗಿಸದವನು" ಅಂತ ನೀನು ಯಾರಿಗೆ ಹೊಡೆಯುತ್ತಿದ್ದೀಯ, ಆ ಏಟು ಯಾರಿಗೆ ಬೀಳುತ್ತಿದೆ? ಇಷ್ಟೇ ಕೇಳಬೇಕು ಅನ್ನಿಸಿತು. ಆಟ ಆಡಿ ಛಲ ಕಲಿತಿದ್ದೀಯ, ಹೋಗು ಕೆಲಸ ಹುಡುಕು ಅಂತ ಹೇಳಲು ನಾನು ಇದನ್ನು ಬರೆಯುತ್ತಿಲ್ಲ. ಆಟದ ಛಲವೇ ಬೇರೆ, ಇದೇ ಬೇರೆ. ಅದು ನನಗೂ ಗೊತ್ತು.

ಆಟ ಮುಗಿದ ಮೇಲೆ ಏನಾಗುತ್ತದೆ ಗೊತ್ತಾ? ರಾಜಕುಮಾರಿ ತಬ್ಬಿಕೊಳ್ಳುತ್ತಾಳೆ. ಆಮೇಲೆ ಉಳಿದ ಸಮಯ ತೋರಿಸಿ, ಹೆಸರು ಬರೆಯಲು ಜಾಗ ಬರುತ್ತದೆ. ಅದನ್ನು ನೋಡಿ ನನ್ನ ಕೈ ನಿಂತುಹೋಯಿತು. ಅವತ್ತು ಅವನು "ಬೇಗ ಬನ್ನಿ" ಅಂತ ಕರೆದದ್ದು ಇದಕ್ಕೇ ಇರಬೇಕು. ಪರದೆ ಹೆಸರು ಕೇಳುತ್ತಿತ್ತು, ಅವನಿಗೆ ಅಪ್ಪ ಪಕ್ಕದಲ್ಲಿ ಬೇಕಿತ್ತು. ಸುಮಾರು ಮೂವತ್ತು ವರ್ಷ ನಾನು ಅದನ್ನು ಹುಡುಗನ ಗಲಾಟೆ ಅಂದುಕೊಂಡಿದ್ದೆ.

ನಾನು ಅವನ ಹೆಸರು ಬರೆದೆ. ಮೂರು ನಿಮಿಷ ಉಳಿದಿತ್ತು.

ಆ ಆಟ ಮಾಡಿದವನು ಜೋರ್ಡನ್ ಮೆಕ್ನರ್ ಅಂತ. ಅವನ ಬಗ್ಗೆ ಹುಡುಕಿ ಓದಿದೆ. ನಾಲ್ಕು ವರ್ಷ ಹಿಡಿಯಿತಂತೆ. ತಮ್ಮನನ್ನು ಓಡಿಸಿ, ಹಾರಿಸಿ, ವಿಡಿಯೊ ತೆಗೆದು, ಅದನ್ನು ನೋಡಿ ಒಂದೊಂದೇ ಚಿತ್ರ ಮಾಡಿದ. ಸಂಗೀತ ಕೊಟ್ಟದ್ದು ಅವನ ಅಪ್ಪ. ಕಂಪ್ಯೂಟರಿನ ಮೆಮೊರಿಯಲ್ಲಿ ಇನ್ನೊಬ್ಬನ ಚಿತ್ರಕ್ಕೆ ಜಾಗವೇ ಇರಲಿಲ್ಲವಂತೆ, ಅದಕ್ಕೇ ರಾಜಕುಮಾರನ ಚಿತ್ರವನ್ನೇ ಬಳಸಿ ಆ ನೆರಳನ್ನು ಮಾಡಿದ. ನನ್ನನ್ನು ಅಲ್ಲಾಡಿಸಿದ್ದು ಬೇರೆ ಒಂದು ವಿಷಯ. ಅವನು ಬರೆದ ಮೂಲ ಪ್ರೋಗ್ರಾಮು ಕಳೆದೇ ಹೋಯಿತು ಅಂತ ಅಂದುಕೊಂಡಿದ್ದ. 2012ರಲ್ಲಿ ಅಪ್ಪ ಮನೆಯ ಕಪಾಟಿನ ಹಿಂದಿನಿಂದ ಒಂದು ಪೆಟ್ಟಿಗೆ ತೆಗೆದು ಕಳಿಸಿದರು. ಅದರೊಳಗೆ ಆ ಫ್ಲಾಪಿಗಳಿದ್ದವು.

ಅಷ್ಟು ಓದಿ ಲ್ಯಾಪ್‌ಟಾಪ್ ಮುಚ್ಚಿಟ್ಟೆ.

ನಿನಗೆ ಏನಾದರೂ ಉಪಯೋಗ ಆಗುವಂಥದ್ದು ಹೇಳಬೇಕಲ್ಲ. ನನ್ನ ಹತ್ತಿರ ಜಾಸ್ತಿ ಇಲ್ಲ. ಹೆಸರುಗಳು ಓಡುವಾಗ ಎದ್ದು ಹೋಗಬೇಡ, ಪೂರ್ತಿ ನೋಡು. ಅಷ್ಟು ಜನ ಸೇರಿ ಮುಗಿಸಿದ ಕೆಲಸ ಅದು. ಅವರಿಗೂ ಆ ಎರಡು ನಿಮಿಷ ಬಂದಿರುತ್ತದೆ. ಮುಂದಿನ ಆಟವನ್ನು ಅವತ್ತೇ ಹಾಕಬೇಡ, ಒಂದು ರಾತ್ರಿ ಕಳೆಯಲಿ. ಇದನ್ನು ನಾನು ಹೇಳಬಹುದೋ ಇಲ್ಲವೋ, ರಸೀದಿ ಜೋಡಿಸಲು ಕೂತವನು. ಊಟ ಹೊತ್ತಿಗೆ ಸರಿಯಾಗಿ ಮಾಡು. ಅಮ್ಮನ ಫೋನ್ ಎತ್ತು. ಅವಳು ಬಯ್ಯುವುದು ಹೆದರಿಕೆಯಿಂದ.

ಮತ್ತೆ, ಆಟಗಳ ಬಗ್ಗೆ ಬರೆಯುವುದನ್ನು ಬಿಡಬೇಡ. 'ಔಟರ್ ವೈಲ್ಡ್ಸ್' ಬಗ್ಗೆ ನೀನು ಬರೆದ ಅರ್ಧ ಪುಟವನ್ನು ನಾನು ನಾಲ್ಕು ಸಲ ಓದಿದ್ದೇನೆ. 22 ನಿಮಿಷಕ್ಕೊಮ್ಮೆ ಸೂರ್ಯ ಸಿಡಿದು ಎಲ್ಲ ಮೊದಲಿಂದ ಶುರುವಾಗುವುದು, ಯಾರೂ ಸೂರ್ಯನನ್ನು ಉಳಿಸಲಾಗದು ಅಂತ ಮೆಲ್ಲಗೆ ತಿಳಿಯುವುದು, ಕೊನೆಗೆ ಎಲ್ಲರೂ ಬೆಂಕಿಯ ಸುತ್ತ ಕೂತು ತಮ್ಮ ತಮ್ಮ ವಾದ್ಯ ನುಡಿಸುವುದು. ಆ ಆಟವನ್ನು ನಾನು ಆಡಲಾರೆ, ಅಷ್ಟು ಬೇಗ ತಿರುಗಿದರೆ ತಲೆ ಸುತ್ತುತ್ತದೆ. ಆದರೂ ಆ ಬೆಂಕಿಯ ಹತ್ತಿರ ಕೂತು ಬಂದ ಹಾಗಾಯಿತು. ಆ ಅರ್ಧ ಪುಟವನ್ನು ನೀನು ಪೂರ್ತಿ ಬರೆದಿದ್ದೀಯ. ಅದನ್ನೂ ಮುಗಿಸಿದ್ದರ ಲೆಕ್ಕಕ್ಕೆ ಸೇರಿಸಿಕೋ, ಆಗುತ್ತದಾ ನೋಡು.

ನಿನ್ನ ಭಾವನ ಹೆಸರಿದ್ದ ಆ ಪರದೆಯ ಫೋಟೋ ತೆಗೆದಿಟ್ಟಿದ್ದೇನೆ. ಅವನಿಗೆ ಕಳಿಸಿಲ್ಲ. ಕೆಳಗೆ ಏನು ಬರೆಯಬೇಕು ಅಂತ ತೋಚುತ್ತಿಲ್ಲ. ಮೂರು ಸಲ ಬರೆದು ಅಳಿಸಿದೆ. ಏನೂ ಬರೆಯದೆ ಫೋಟೋ ಮಾತ್ರ ಕಳಿಸಿದರೆ ಅವನಿಗೆ ತಿಳಿಯುತ್ತದಾ? ನೀವಿಬ್ಬರೂ ಒಂದೇ ತರಹದವರು, ನಿನಗೆ ಗೊತ್ತಿರಬಹುದು. ಒಂದು ಸಾಲು ಹೇಳು.

ಈಗ ಯಾವ ಆಟ ಆಡುತ್ತಿದ್ದೀಯೋ, ಅದು ಮುಗಿದು ಹೆಸರುಗಳು ಓಡಲು ಶುರುವಾದ ಕೂಡಲೇ ನನಗೆ ಫೋನ್ ಮಾಡು. ರಾತ್ರಿ ಒಂದಾಗಲಿ, ಎರಡಾಗಲಿ. ಮಾತಾಡಬೇಕು ಅಂತ ಇಲ್ಲ. ಫೋನನ್ನು ಸ್ಪೀಕರಿಗೆ ಹಾಕಿ ಪಕ್ಕದಲ್ಲಿ ಇಡು, ಸಂಗೀತ ನನಗೂ ಕೇಳಿಸಲಿ. ಮಲಗುವ ಕೋಣೆಯಲ್ಲಿ ಸಿಗ್ನಲ್ ಸಿಗುವುದಿಲ್ಲ, ಅದಕ್ಕೆ ಇವತ್ತಿನಿಂದ ಹಾಸಿಗೆಯನ್ನು ಹಾಲ್‌ನ ಕಿಟಕಿ ಪಕ್ಕಕ್ಕೆ ತಂದುಕೊಂಡಿದ್ದೇನೆ.

ಇಂತಿ,
ನಿನ್ನ ಮಾವ